ಬೀಳದಿದ್ದರೂ ಮುರಿಯುತ್ತೆ ಬೆನ್ನುಮೂಳೆ: ನನ್ನ ಅನುಭವ

ನಾನು ದಾವಣಗೆರೆಯಲ್ಲಿ ಫಿಸಿಯೋಥೆರಪಿಸ್ಟ್. ವಯಸ್ಸಾದ ಹೆಂಗಸರ ಮನೆಗೇ ಹೋಗಿ ವ್ಯಾಯಾಮ ಕಲಿಸುತ್ತೇನೆ. "ಬಿದ್ದೇ ಇಲ್ಲ, ಮೂಳೆ ಹೆಂಗೆ ಮುರೀತೇತಿ?" ಅಂತ ಹೆಚ್ಚಿನವರು ಕೇಳುತ್ತಾರೆ. ಮೂಳೆ ಟೊಳ್ಳಾಗಿದ್ದರೆ ಬೀಳಲೇಬೇಕು ಅಂತೇನಿಲ್ಲ. ಬಗ್ಗಿ ತುಂಬಿದ ಕೊಡ ಎತ್ತಿದರೆ ಸಾಕು, ಕೆಲವರಿಗೆ ಜೋರಾಗಿ ಕೆಮ್ಮಿದರೂ ಸಾಕು. ಬೆನ್ನು ಗೂನಾದಾಗ ಭಾರವೆಲ್ಲ ಬೀಳೋದು ಮೂಳೆಯ ಮುಂಭಾಗಕ್ಕೆ, ಕುಸಿಯೋದೂ ಅದೇ. ಎಷ್ಟೋ ಜನಕ್ಕೆ ನೋವೇ ಗೊತ್ತಾಗಲ್ಲ, ಎತ್ತರ ಮಾತ್ರ ಕಮ್ಮಿಯಾಗಿರುತ್ತೆ. ಹಳೇ ಲಂಗ ಈಗ ನೆಲಕ್ಕೆ ತಾಗ್ತಿದೆ ಅಂದರೆ ನಾನು ಮೊದಲು ಎತ್ತರ ಅಳೆಯುತ್ತೇನೆ. ವಯಸ್ಸಿನಲ್ಲಿದ್ದಾಗಿನದಕ್ಕಿಂತ 4 ಸೆಂ.ಮೀ. ಕಮ್ಮಿಯಾಗಿದ್ದರೆ ಡಾಕ್ಟರ ಹತ್ತಿರ ಕಳಿಸಿ ಎಕ್ಸ್‌ರೇ ಮಾಡಿಸುತ್ತೇನೆ.

ನಾನು ಮೊದಲು ನಿಲ್ಲಿಸೋದು ಪಾರ್ಕಿನಲ್ಲಿ ಕಲಿತುಬಂದ, ಬಗ್ಗಿ ಕಾಲ್ಬೆರಳು ಮುಟ್ಟುವ ವ್ಯಾಯಾಮ. 1984ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್ ಪ್ರಕಟಿಸಿದ ಅಧ್ಯಯನದಲ್ಲಿ ಮುಂದಕ್ಕೆ ಬಗ್ಗುವ ವ್ಯಾಯಾಮವನ್ನಷ್ಟೇ ಮಾಡಿದ ಹೆಂಗಸರಲ್ಲಿ 89% ಮಂದಿಗೆ ಬೆನ್ನುಮೂಳೆ ಮತ್ತೆ ಕುಸಿದಿತ್ತು, ಬೆನ್ನು ಹಿಂದಕ್ಕೆ ಎತ್ತುವ ವ್ಯಾಯಾಮ ಮಾಡಿದವರಲ್ಲಿ 16%. ಚಿಕ್ಕ ಅಧ್ಯಯನವೇ, ಆದರೂ ನನಗೆ ಅಷ್ಟು ಸಾಕು.

ಹಾಗಂತ ಬಗ್ಗದೆ ಮನೆಗೆಲಸ ಆಗುತ್ತಾ? ಅದಕ್ಕೇ ಒಂದು ಕೋಲು ತಗೊಂಡು ಅವರ ಬೆನ್ನಿಗೆ ಉದ್ದಕ್ಕೆ ಹಿಡಿಯುತ್ತೇನೆ. ತಲೆಯ ಹಿಂಭಾಗ, ಬೆನ್ನು, ಪೃಷ್ಠದ ಮೂಳೆ, ಮೂರೂ ಕಡೆ ಕೋಲು ತಾಗಿರಬೇಕು. ಈಗ ಮಂಡಿ ಸ್ವಲ್ಪ ಮಡಚಿ, ಕುರ್ಚಿ ಹುಡುಕೋ ಹಾಗೆ ಸೊಂಟ ಹಿಂದಕ್ಕೆ ತಳ್ಳಿ ಬಾಗಬೇಕು. ತಲೆ ಕೋಲು ಬಿಟ್ಟಿತೋ, ಬೆನ್ನು ಗೂನಾಯ್ತು ಅಂತಲೇ ಲೆಕ್ಕ. ವಿದ್ಯಾನಗರದ ಒಬ್ಬ ಅಜ್ಜಿ ನೆಲದ ಮೇಲೆ ಕೂತು, ಬೆನ್ನು ಬಗ್ಗಿಸಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ರೊಟ್ಟಿ ಬಿಡಿ ಅಂದರೆ ಕೇಳ್ತಾರಾ, ಸುಮ್ನೆ ಬೈಸಿಕೊಂಡೆ! ಕೊನೆಗೆ ರೊಟ್ಟಿ ಬಡಿಯುವ ಕೊಣಮಿಗೆಯನ್ನು ಅಡಿಗೆ ಕಟ್ಟೆ ಮೇಲೆ ಇಟ್ಟೆವು, ಅಷ್ಟೇ. ಕಸಕ್ಕೆ ಉದ್ದ ಹಿಡಿಯ ಪೊರಕೆ ಬಂತು. ಬೆಳಿಗ್ಗೆ ಏಳುವಾಗ ಮಾತ್ರ ನೆಟ್ಟಗೆ ಎದ್ದು ಕೂರಬೇಡಿ, ಮಗ್ಗುಲಿಗೆ ಹೊರಳಿ ಕೈ ಊರಿ ಏಳಿ.

ಬ್ಯಾಲೆನ್ಸಿಗೂ ಅದೇ ಕಟ್ಟೆ. ಬೆರಳು ಕಟ್ಟೆ ಮೇಲಿರಲಿ, ಒಂದು ಪಾದದ ಮುಂದೆ ಇನ್ನೊಂದನ್ನು ಹಿಮ್ಮಡಿ ತಾಗುವಂತೆ ಇಟ್ಟು ನಿಲ್ಲಬೇಕು. ಹತ್ತು ಸೆಕೆಂಡ್ ಅಲುಗಾಡದೆ ನಿಂತರೆ ಒಂದೊಂದೇ ಬೆರಳು ತೆಗೆಸುತ್ತೇನೆ. ಪಕ್ಕದಲ್ಲಿ ಮನೆಯವರು ಒಬ್ಬರು ಇರಲೇಬೇಕು. ಇದರ ಜೊತೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು, ಯಾಕಂದ್ರೆ ತೊಡೆಗೆ ಬಲ ಇಲ್ಲದೆ ಬ್ಯಾಲೆನ್ಸ್ ಬರಲ್ಲ.

ಡಾಕ್ಟರು ಮೂಳೆ ಗಟ್ಟಿಯಾಗಲಿ ಅಂತ ವಾರಕ್ಕೊಂದು ಅಲೆಂಡ್ರೋನೇಟ್ ಮಾತ್ರೆ ಬರೆದಿದ್ದರೆ ಖಾಲಿ ಹೊಟ್ಟೆಗೆ ತುಂಬಿದ ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಚಹಾ ಕೂಡ ಆಮೇಲೆಯೇ. ಈ ಚಹಾದ ವಿಷಯಕ್ಕೇ ಜಾಸ್ತಿ ಜಗಳ ಆಗೋದು.