ಹೂಮಳೆಗೆ ಮುಂಚೆ ಸೋಪು, ಜೇನು ಇಳಿಸಿದ ಮೇಲೆ ಬತ್ತಿ

ಕೊಡಗಿನಲ್ಲಿ ಕೈಸೋಪು ಮಾಡುವವರು ಎಣ್ಣೆಯ ಲೆಕ್ಕಕ್ಕಿಂತ ಮೊದಲು ತಿಂಗಳ ಲೆಕ್ಕ ಹಾಕಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ತೇವ ಬಿಡುವ ಊರಿನಲ್ಲಿ ಸೋಪು ಒಣಗುವುದಿಲ್ಲ. ಹಾಗಾಗಿ ನಾನು ಜನವರಿ, ಫೆಬ್ರವರಿಯಲ್ಲೇ ಸೋಪು ಹಾಕಿ ಮುಗಿಸುತ್ತೇನೆ. ಕಾಫಿ ಹೂವಿನ ಮಳೆ ಬೀಳುವ ಹೊತ್ತಿಗೆ ಅದು ಬಹುಪಾಲು ಗಟ್ಟಿಯಾಗಿರುತ್ತದೆ.

ನನ್ನ ಅಳತೆ ಇಷ್ಟು: ಕೊಬ್ಬರಿ ಎಣ್ಣೆ 200 ಗ್ರಾಂ, ಅಕ್ಕಿ ತೌಡಿನ ಎಣ್ಣೆ 250, ಹರಳೆಣ್ಣೆ 50. ಇದಕ್ಕೆ ಕಾಸ್ಟಿಕ್ ಸೋಡಾ 72 ಗ್ರಾಂ, ಡಿಸ್ಟಿಲ್ಡ್ ವಾಟರ್ 144 ಗ್ರಾಂ. ಎಲ್ಲವೂ ತೂಕದಲ್ಲಿ, ಒಂದು ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿಯಲ್ಲಿ. ಲೋಟದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಈ ಅಳತೆಯಲ್ಲಿ ಐದು ಶೇಕಡಕ್ಕೆ ಸ್ವಲ್ಪ ಮೇಲೆ ಎಣ್ಣೆ ಸೋಪಾಗದೆ ಉಳಿಯುತ್ತದೆ, ಚರ್ಮಕ್ಕೆ ಹಿತ ಕೊಡುವುದು ಅದೇ. ಮೃದುವಾಗಲಿ ಎಂದು ಇನ್ನೂ ಎಣ್ಣೆ ಸುರಿದರೆ ಮಳೆಗಾಲದಲ್ಲಿ ಕಮಟು ವಾಸನೆ ಬಂದು ಸೋಪಿನ ಮೈಮೇಲೆ ಕಿತ್ತಳೆ ಬಣ್ಣದ ಚುಕ್ಕೆ ಏಳುತ್ತದೆ. ತೌಡಿನ ಎಣ್ಣೆ ಕೊಬ್ಬರಿ ಎಣ್ಣೆಗಿಂತ ಬೇಗ ಕೆಡುವ ಜಾತಿ. ಹೊಸ ಡಬ್ಬಿಯದ್ದನ್ನೇ ಬಳಸಿ, ಕರಿದು ಉಳಿದದ್ದು ಬೇಡ.

ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಎಂದೂ ಸುರಿಯಬಾರದು, ಕುದಿದು ಮುಖಕ್ಕೆ ಸಿಡಿಯುತ್ತದೆ. ಕನ್ನಡಕ, ಗ್ಲೌಸ್, ಗಾಳಿಯಾಡುವ ಜಗಲಿ, ಸ್ಟೀಲ್ ಪಾತ್ರೆ. ಅಲ್ಯೂಮಿನಿಯಂ ಪಾತ್ರೆಯನ್ನು ಸೋಡಾ ತಿಂದುಹಾಕುತ್ತದೆ. ಎಣ್ಣೆ, ಸೋಡಾನೀರು ಎರಡೂ 40 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಕೂಡಿಸಿ, ಹ್ಯಾಂಡ್ ಬ್ಲೆಂಡರಿನಲ್ಲಿ ಬಿಟ್ಟು ಬಿಟ್ಟು ತಿರುವಿ. ಮಜ್ಜಿಗೆಹುಳಿಯಷ್ಟು ಮಂದವಾಗಿ, ಮೇಲೆ ಎಳೆದ ಗೆರೆ ಒಂದು ಕ್ಷಣ ನಿಂತರೆ ಅಚ್ಚಿಗೆ ಹಾಕಬಹುದು. ಸೋಡಾ ಇಲ್ಲದ ಸೋಪು ಎಂದು ಯಾರಾದರೂ ಮಾರಿದರೆ ನಂಬಬೇಡಿ. ಸೋಡಾ ಹಾಕದೆ ಎಣ್ಣೆ ಸೋಪಾಗುವುದಿಲ್ಲ. ಸರಿಯಾಗಿ ಮಾಡಿದ ಸೋಪಿನಲ್ಲಿ ಅದು ಉಳಿದಿರುವುದಿಲ್ಲ, ಅಷ್ಟೇ.

ಕಾಫಿಪುಡಿ ಹಾಕುವ ಆಸೆ ಇಲ್ಲಿ ಎಲ್ಲರಿಗೂ ಇದೆ. ಈ ಅಳತೆಗೆ ಒಂದು ಟೀ ಚಮಚ ಸಾಕು, ನುಣ್ಣಗಿರಲಿ, ಚಿಕೋರಿ ಬೆರೆತದ್ದು ಬೇಡ. ಚಿಕೋರಿಯ ಸಕ್ಕರೆಯಂಶ ಸೋಪನ್ನು ಅಚ್ಚಿನಲ್ಲೇ ಕಾಯಿಸುತ್ತದೆ. ಫಿಲ್ಟರಿನ ಚರಟವಾದರೆ ಗರಿಗರಿಯಾಗುವವರೆಗೆ ಒಣಗಿಸಿ. ಕಿತ್ತಳೆ ಸಿಪ್ಪೆಯ ಪುಡಿಯಿಂದ ಹೆಚ್ಚು ನಿರೀಕ್ಷಿಸಬೇಡಿ: ಬಣ್ಣ ಕಂದಾಗುತ್ತದೆ, ಪರಿಮಳ ನಿಲ್ಲುವುದಿಲ್ಲ.

ಒಂದೆರಡು ದಿನಕ್ಕೆ ಅಚ್ಚಿನಿಂದ ತೆಗೆದು ಕತ್ತರಿಸಿ, ಮರದ ಪಟ್ಟಿಗಳ ಮೇಲೆ ಬೆರಳು ಸಂದು ಬಿಟ್ಟು ಜೋಡಿಸಿ. ಕಬ್ಬಿಣದ ಜಾಲರಿ ಬೇಡ, ತುಕ್ಕು ತಾಗಿದಲ್ಲೇ ಚುಕ್ಕೆ ಶುರುವಾಗುತ್ತದೆ. ಒಲೆಯ ಮೇಲಿನ ಅಟ್ಟ ಬೆಚ್ಚಗಿದ್ದರೂ ಅಲ್ಲಿಟ್ಟ ಸೋಪಿಗೆ ಹೊಗೆ ವಾಸನೆ ಹತ್ತುತ್ತದೆ. ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತಾಗ ಸೋಪು ಹದಕ್ಕೆ ಬಂದಂತೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಅವಸರಕ್ಕೆ ಬಳಸಿದರೆ ಬಚ್ಚಲಲ್ಲಿ ಬೇಗ ಕರಗಿಹೋಗುತ್ತದೆ.

ಜುಲೈ-ಆಗಸ್ಟ್‌ನ ಕಕ್ಕಡ ಮಾಸದ ಹೊತ್ತಿಗೆ ಸೋಪಿನ ಮೈಮೇಲೆ ನೀರಹನಿ ಕೂರುತ್ತದೆ. ಎಷ್ಟೋ ಜನ ಕೆಟ್ಟಿತೆಂದು ಎಸೆಯುತ್ತಾರೆ, ನನಗೆ ಅದೇ ಬೇಸರ. ಅದು ಕೆಟ್ಟದ್ದಲ್ಲ. ಸೋಪಿನೊಳಗೆ ತಾನಾಗಿ ಹುಟ್ಟಿದ ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಿದೆ. ಹತ್ತಿಬಟ್ಟೆಯಲ್ಲಿ ಒರೆಸಿ, ಪೇಪರಿನಲ್ಲಿ ಸುತ್ತಿ, ತೂತಿರುವ ರಟ್ಟಿನ ಡಬ್ಬಿಯಲ್ಲಿಡಿ. ಹಸಿ ಸೋಪನ್ನು ಪ್ಲಾಸ್ಟಿಕ್ ಕವರಿಗೆ ತುಂಬಬೇಡಿ. ಬಚ್ಚಲಿಗೆ ಅರ್ಧ ತುಂಡು ಮಾತ್ರ ಒಯ್ಯಿರಿ, ನೀರು ಬಸಿಯುವ ಮರದ ತಟ್ಟೆಯಲ್ಲಿಡಿ.

ಮೇಣದಬತ್ತಿಯ ಸರದಿ ಏಪ್ರಿಲ್, ಮೇ ತಿಂಗಳದ್ದು, ಜೇನು ಇಳಿಸಿದ ಮೇಲೆ. ಪೆಟ್ಟಿಗೆಯ ತುಡುವೆ ಜೇನನ್ನು ಯಂತ್ರದಲ್ಲಿ ತಿರುಗಿಸಿ ತೆಗೆದರೆ ಎರಿ, ಅಂದರೆ ಮೇಣದ ಹಲ್ಲೆ, ಮತ್ತೆ ಪೆಟ್ಟಿಗೆಗೇ ಹೋಗುತ್ತದೆ, ನಮಗೆ ಸಿಗುವುದು ಅದರ ಕಣ್ಣುಗಳ ಮುಚ್ಚಳ ಕೊಯ್ದ ತೆಳು ಮೇಣ ಮಾತ್ರ. ಅದನ್ನು ಬಟ್ಟೆಯಲ್ಲಿ ಕಟ್ಟಿ, ಸ್ಟೀಲ್ ಪಾತ್ರೆಯ ನೀರಿನಲ್ಲಿ ಸಣ್ಣ ಉರಿಯಲ್ಲಿ ಕಾಯಿಸಿ. ಮೇಣ ತೇಲಿ, ಆರಿದಾಗ ಬಿಲ್ಲೆಯಾಗುತ್ತದೆ. ತಳದ ಕಸ ಕೆರೆದುಬಿಡಿ. ಜೇನುಮೇಣ ಕರಗುವುದು 62ರಿಂದ 64 ಡಿಗ್ರಿಗೆ. 85 ದಾಟಿದರೆ ಬಣ್ಣ ಮಂಕಾಗುತ್ತದೆ. ಯಾವಾಗಲೂ ಬಿಸಿನೀರಿನೊಳಗೆ ಪಾತ್ರೆಯಿಟ್ಟೇ ಕರಗಿಸಿ. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಹಾಕಬೇಡಿ, ಮುಚ್ಚಳ ಮುಚ್ಚಿ.

ದೇವರ ದೀಪದ ಹೊಸೆದ ಬತ್ತಿ ಮೇಣದಬತ್ತಿಗೆ ಆಗದು, ಹೆಣೆದ ಹತ್ತಿದಾರ ಬೇಕು. ಅದನ್ನು ಮೊದಲು ಬಿಸಿ ಮೇಣದಲ್ಲಿ ಅದ್ದಿ ನೇರ ಎಳೆದು ಒಣಗಿಸಿದರೆ ತೇವ ಹೀರುವುದು ಕಡಿಮೆ. ಕರೆಂಟ್ ಹೋದ ರಾತ್ರಿ ಬತ್ತಿ ಚಟಚಟ ಎಂದರೆ ದಾರಕ್ಕೆ ತೇವ ಹತ್ತಿದೆ ಎಂದರ್ಥ. ಮೊದಲ ಸಲ ಹಚ್ಚಿದಾಗ ಮೇಲ್ಮೈ ಅಂಚಿನ ಹತ್ತಿರದವರೆಗೆ ಕರಗಲು ಬಿಡಿ. ಐದು ಸೆಂಟಿಮೀಟರ್ ದಪ್ಪದ್ದಕ್ಕೆ ಎರಡು ಗಂಟೆ ಬೇಕು. ಬೇಗ ಆರಿಸಿದರೆ ಮುಂದೆ ನಡುವೆ ಮಾತ್ರ ಗುಂಡಿ ಬೀಳುತ್ತದೆ. ಪ್ರತಿ ಸಲ ಹಚ್ಚುವ ಮುಂಚೆ ದಾರವನ್ನು ಕಾಲು ಇಂಚಿಗೆ ಕತ್ತರಿಸಿ, ಕಿಟಕಿಯ ಗಾಳಿಯಿಂದ ದೂರವಿಡಿ. ಮೇಲೆ ಬರುವ ಬಿಳಿ ಪುಡಿ ಬೂಸ್ಟಲ್ಲ, ಅದು ಮೇಣದ್ದೇ. ಬಟ್ಟೆಯಲ್ಲಿ ಉಜ್ಜಿದರೆ ಹೋಗುತ್ತದೆ.

ಉಳಿದ ಮೇಣ ಒಡೆದ ಹಿಮ್ಮಡಿಯ ಮುಲಾಮಿಗೆ. ಒಂದು ಪಾಲು ಮೇಣ, ನಾಲ್ಕು ಪಾಲು ಎಣ್ಣೆ. ಕೊಬ್ಬರಿ ಎಣ್ಣೆ 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ, ಮಡಿಕೇರಿಯ ಡಿಸೆಂಬರ್ ಚಳಿಗೆ ಡಬ್ಬಿಯಲ್ಲಿ ಬೆರಳು ಇಳಿಯುವುದಿಲ್ಲ. ಚಳಿಗಾಲಕ್ಕೆ ಅರ್ಧ ಕೊಬ್ಬರಿ, ಅರ್ಧ ಎಳ್ಳೆಣ್ಣೆ ಹಾಕಿ. ಇದರಲ್ಲಿ ನೀರಿಲ್ಲ, ಆದ್ದರಿಂದಲೇ ಪ್ರಿಸರ್ವೇಟಿವ್ ಬೇಡ. ತೋಟದ ಲೋಳೆಸರದ ತಿರುಳು ಬೆರೆಸಿದರೆ ಆ ಲೆಕ್ಕವೇ ತಪ್ಪಿ ಬೂಸ್ಟು ಬರುತ್ತದೆ. ಒದ್ದೆ ಬೆರಳು ಅದ್ದದೆ, ಒಣ ಚಮಚದಲ್ಲಿ ತೆಗೆದು ಹಚ್ಚಿಕೊಳ್ಳಿ.