ಅಪ್ಪ-ಅವ್ವನ ಜೊತೆ ರೂಡೆಸ್‌ಹೈಮ್‌ಗೆ ಹೋಗುವವರಿಗೆ

ಎರಡು ಚಾಟ್ನಿ (ಬಳ್ಳಿ ಕತ್ತರಿಸೋ ಕೆಲಸ) ನಡುವೆ, ಜೂನ್-ಜುಲೈನಲ್ಲಿ, ನಮ್ಮ ವಿಜಯಪುರದ ದ್ರಾಕ್ಷಿ ಬೆಳೆಗಾರರಿಗೆ ಸ್ವಲ್ಪ ಪುರುಸೊತ್ತು. ಮಗನೋ ಮಗಳೋ ಫ್ರಾಂಕ್‌ಫರ್ಟ್ ಕಡೆ ಕೆಲಸಕ್ಕಿದ್ದರೆ ಆಗಲೇ ಹೋಗಿ ಬನ್ನಿ. ಅಲ್ಲಿಂದ ಆರ್‌ಬಿ 10 ರೈಲು ಹತ್ತಿದರೆ ಸುಮಾರು ಒಂದೂಕಾಲು ತಾಸಿಗೆ ರೂಡೆಸ್‌ಹೈಮ್, ರೈನ್ ನದಿ ದಂಡೆಯ ಪುಟ್ಟ ಊರು. ವೀಸ್‌ಬಾಡೆನ್‌ನಲ್ಲಿ ರೈಲು ಬಂದ ದಿಕ್ಕಿಗೇ ಹೊರಳಿ ಹೊರಡುತ್ತದೆ, ಗಾಬರಿಯಾಗಬೇಡಿ. ಅಲ್ಲಿಂದ ಮುಂದೆ ಎಡಗಡೆ ಕಿಟಕಿ ಹಿಡಿಯಿರಿ, ಹೊಳೆ ಆ ಕಡೆಗೇ.

ಒಂದು ರಾತ್ರಿ ಉಳಿಯಲೇಬೇಕು. ಹಗಲಲ್ಲಿ ಡ್ರೊಸೆಲ್‌ಗಾಸೆ ಅನ್ನೋ 144 ಮೀಟರ್ ಉದ್ದದ ಓಣಿಯಲ್ಲಿ ಜಾತ್ರೆ ಗದ್ದಲ. ಸಂಜೆ ಹಡಗಿನವರು, ಬಸ್ಸಿನವರು ಹೋದ ಮೇಲೆ ದಂಡೆಯ ಮೇಲೆ ಆರಾಮಾಗಿ ಕೂಡಬಹುದು, ಒಂಬತ್ತಾದರೂ ಬೆಳಕಿರುತ್ತದೆ. ಆದರೆ ರೂಮ್ ನೋಡಿ ಹಿಡಿಯಿರಿ. ನಾವು ಹೊಳೆ ಕಾಣಲಿ ಅಂತ ಜಾಸ್ತಿ ದುಡ್ಡು ಕೊಟ್ಟು ಮುಂದಿನ ಸಾಲಲ್ಲೇ ತಗೊಂಡೆವು. ಹೊಳೆಗೂ ನಮಗೂ ನಡುವೆ ಹಳಿ ಇದೆ, ರಾತ್ರಿಯೆಲ್ಲ ಗೂಡ್ಸ್ ಗಾಡಿ ಓಡುತ್ತವೆ ಅಂತ ಯಾರೂ ಹೇಳಿರಲಿಲ್ಲ. ಏಸಿ ಇಲ್ಲ, ಕಿಟಕಿ ಹಾಕಿದರೆ ಸೆಕೆ, ತೆಗೆದರೆ ಗಡಗಡ. ಅವ್ವ ಎದ್ದು ಕೂತು ಗಾಡಿ ಎಣಿಸಿದಳು. ಊರೊಳಗೆ, ಗುಡ್ಡದ ಕಡೆ ರೂಮ್ ಕೇಳಿ.

ಬೆಳಿಗ್ಗೆ ಬೇಗ ರೋಪ್‌ವೇ ಹತ್ತಿ. 1954ರಿಂದ ಇದೆ. ಇಬ್ಬರು ಕೂಡುವ ಸಣ್ಣ ಡಬ್ಬಿ ದ್ರಾಕ್ಷಿ ಪಡದ ಮೇಲೆಯೇ ತೇಲುತ್ತದೆ. ಮೇಲೆ 1883ರಲ್ಲಿ ಉದ್ಘಾಟನೆಯಾದ 38 ಮೀಟರ್ ಎತ್ತರದ ಸ್ಮಾರಕ. ಅಪ್ಪ ಅದರ ಕಡೆ ನೋಡಲೇ ಇಲ್ಲ. ಚಪ್ಪರವಿಲ್ಲದೆ ಇಳಿಜಾರಿನಲ್ಲಿ ತಂತಿಗೆ ಕಟ್ಟಿದ ರೀಸ್ಲಿಂಗ್ ತಳಿಯ ಬಳ್ಳಿ ಮುಟ್ಟಿ, "ಇಷ್ಟ ಸಣ್ಣ ಗೊನಿ? ಮಣೂಕಕ್ಕೂ (ಒಣದ್ರಾಕ್ಷಿಗೂ) ಆಗಂಗಿಲ್ಲ ಬಿಡು" ಅಂದರು. ವೈನಿಗೆ ಅದೇ ಬೇಕು ಅಂದರೆ ಕೇಳಬೇಕಲ್ವಾ!

ದಂಡೆಗುಂಟ ಇರೋ ಕೋಟೆ ನೋಡೋಕೆ ಹಡಗಿನಲ್ಲಿ ಹೊಳೆ ಹರಿಯುವ ದಿಕ್ಕಿಗೆ ಹೋಗಿ, ರೈಲಿನಲ್ಲಿ ವಾಪಸ್ ಬನ್ನಿ. ಎದುರು ನೀರಿಗೆ ಹಡಗು ನಿಧಾನ. 132 ಮೀಟರಿನ ಲೋರೆಲೈ ಬಂಡೆ ದಾಟಿದ ಮೇಲೆ ಸಾಂಕ್ಟ್ ಗೋವರ್ಸ್‌ಹೌಸೆನ್‌ನಲ್ಲಿ ಇಳಿಯಿರಿ. ಹೆಸರು ಹೆಚ್ಚುಕಡಿಮೆ ಒಂದೇ ಅಂತ ಸಾಂಕ್ಟ್ ಗೋವರ್‌ನಲ್ಲಿ ಇಳಿದೀರಿ, ಅದು ಆಚೆ ದಂಡೆ, ರೈಲೂ ಬೇರೆ. ಹಳಿ ರಿಪೇರಿ ಇದೆಯಾ ಅಂತ ಹಿಂದಿನ ದಿನವೇ ಜರ್ಮನ್ ರೈಲ್ವೆಯ ಡಿಬಿ ಆ್ಯಪ್ ನೋಡಿ.

ಭಾನುವಾರ ಸೂಪರ್‌ಮಾರ್ಕೆಟ್ ಬಂದ್, ಹಣ್ಣು-ಬ್ರೆಡ್ಡು ಶನಿವಾರವೇ ತಗೊಳ್ಳಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಊರಿಂದಲೇ ಒಯ್ಯಿರಿ. ಕುಂದಾ ಬೇಡ. ಹೊರಗಿನಿಂದ ಹಾಲಿನ ಪದಾರ್ಥ ಯುರೋಪಿನೊಳಗೆ ಬಿಡೋದಿಲ್ಲ, ಏರ್‌ಪೋರ್ಟಿನಲ್ಲೇ ಕಸಿದುಕೊಳ್ಳುತ್ತಾರೆ.