ಬೋರ್ಡಿಗೆ ಪಾಠ ಹೇಳುತ್ತಿದ್ದ ಮೇಷ್ಟ್ರು

ಕಿವಿ ಸರಿಯಾಗಿ ಕೇಳಿಸದ ಹುಡುಗಿಯೊಬ್ಬಳು ನನ್ನ ಆರನೇ ಕ್ಲಾಸಿಗೆ ಬಂದಾಗ ನಾನು ಮೊದಲು ಮಾಡಿದ್ದು ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಿದ್ದು. ಆಮೇಲೆ ಮಾಡಿದ್ದು ಜೋರಾಗಿ ಮಾತಾಡಿದ್ದು. ಎರಡೂ ತಪ್ಪು ಅಂತ ಗೊತ್ತಾಗುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು.

ಹಾಗಂತ ನನಗೆ ಏನೂ ಗೊತ್ತಿರಲಿಲ್ಲ ಅಂತಲ್ಲ. ಅಂಗವಿಕಲರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಮಾಡಿದ ಒಡಂಬಡಿಕೆ, ಅದರ 24ನೇ ವಿಧಿ, ಎಲ್ಲರ ಜೊತೆ ಕೂತು ಕಲಿಯುವ ಹಕ್ಕು, ಎಲ್ಲವನ್ನೂ ತರಬೇತಿಯಲ್ಲಿ ನೀಟಾಗಿ ಬರೆದುಕೊಂಡಿದ್ದೆ. ಬೋರ್ಡಿನ ಕಡೆ ತಿರುಗಿ ಮಾತಾಡಬೇಡಿ ಅಂತ ಮಾತ್ರ ಯಾರೂ ಹೇಳಿರಲಿಲ್ಲ. ನಾನು ಗಣಿತದ ಮೇಷ್ಟ್ರು. ಅರ್ಧ ಪೀರಿಯಡ್ ಬೆನ್ನು ತೋರಿಸಿಕೊಂಡೇ ಪಾಠ ಮಾಡುತ್ತಿದ್ದೆ.

ಅವಳು ಕೇಳುತ್ತಿದ್ದುದು ಅರ್ಧ ಕಿವಿಯಲ್ಲಿ, ಅರ್ಧ ಕಣ್ಣಲ್ಲಿ. ಶ್ರವಣ ಸಾಧನ ಹಾಕಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಂಡಿದ್ದೆ. ಅದು ನನ್ನ ದನಿಯ ಜೊತೆ ಕುರ್ಚಿ ಎಳೆದ ಕಿರ್ರ್ ಸದ್ದನ್ನೂ ದೊಡ್ಡದು ಮಾಡುತ್ತದೆ. ಇನ್ನು ತುಟಿ ಓದುವುದು. ಒಂದು ದಿನ ಕನ್ನಡಿ ಮುಂದೆ ನಿಂತು, ದನಿ ಹೊರಡಿಸದೆ ‘ಬರ’, ‘ಮರ’, ‘ಪರ’ ಅಂದು ನೋಡಿದೆ. ಮೂರಕ್ಕೂ ತುಟಿ ಒಂದೇ ಥರ! ಕೂಗಿದರೆ ಬಾಯಿಯ ಆಕಾರ ಇನ್ನೂ ಕೆಡುತ್ತದೆ. ನೀವೂ ಒಮ್ಮೆ ಮಾಡಿ ನೋಡಿ.

ಮುಂದಿನ ಬೆಂಚಿನ ಕಥೆ ಬೇರೆ. ಹಿಂದೆ ಯಾರೋ ಏನೋ ಅಂದು ಕ್ಲಾಸೆಲ್ಲ ನಕ್ಕರೆ, ಅವಳು ತಿರುಗುವಷ್ಟರಲ್ಲಿ ನಗು ಮುಗಿದಿರುತ್ತಿತ್ತು. “ಏನಾಯ್ತು?” ಅಂತ ಪಕ್ಕದವಳನ್ನು ಕೇಳಿದರೆ ಉತ್ತರ, “ಆಮೇಲೆ ಹೇಳ್ತೀನಿ ಬಿಡು.” ಆ ‘ಆಮೇಲೆ’ ಬರುತ್ತಲೇ ಇರಲಿಲ್ಲ. ಒಂದು ದಿನ ಲೆಕ್ಕ ಇಟ್ಟೆ. ಒಂದೇ ಪೀರಿಯಡ್‌ನಲ್ಲಿ ನಾಲ್ಕು ಸಲ. ಅದರಲ್ಲಿ ಒಂದು ಸಲ ಹಾಗಂದವನು ನಾನೇ.

ಬೆಂಚುಗಳನ್ನು ಅರ್ಧ ವೃತ್ತವಾಗಿ ತಿರುಗಿಸಿದೆವು. ಅವಳಿಗೆ ಒಂದು ತುದಿಯ ಜಾಗ, ಕಿಟಕಿಗೆ ಬೆನ್ನು. ಬೆಳಕು ಮಾತಾಡುವವರ ಮುಖದ ಮೇಲೆ ಬೀಳಬೇಕು. ನಾನೇ ಕಿಟಕಿ ಮುಂದೆ ನಿಂತರೆ ನನ್ನ ಮುಖ ಬರೀ ಕಪ್ಪು. ಮಾತಾಡುವವರ ಕೈಯಲ್ಲಿ ಒಂದು ಚೆಂಡು ಇರಬೇಕು ಅನ್ನುವುದು ಹೊಸ ನಿಯಮ. ಯಾರ ಕಡೆ ನೋಡಬೇಕು ಅಂತ ಅವಳಿಗೆ ತಿಳಿಯಲಿ ಅಂತ ತಂದದ್ದು. ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಬೀಳುವುದೂ ಅದರಿಂದಲೇ ನಿಂತಿತು. ಕಿರ್ರ್ ಸದ್ದು ಬರದಿರಲಿ ಅಂತ ಹಳೇ ಟೆನಿಸ್ ಚೆಂಡುಗಳನ್ನು ಕೊಯ್ದು ಕುರ್ಚಿ ಕಾಲಿಗೆ ಸಿಕ್ಕಿಸಿದೆವು. “ಅರ್ಥ ಆಯ್ತಾ?” ಅನ್ನುವುದನ್ನೂ ಬಿಟ್ಟೆ. ಹಾಗೆ ಕೇಳಿದರೆ ಯಾರಾದರೂ ಸುಮ್ನೆ ತಲೆ ಆಡಿಸುತ್ತಾರೆ, ಅಲ್ವಾ? “ಏನು ಅರ್ಥ ಆಯ್ತು, ಹೇಳು” ಅಂತ ಶುರು ಮಾಡಿದ ಮೇಲೆ, ಸುಮ್ನೆ ತಲೆ ಆಡಿಸುತ್ತಿದ್ದದ್ದು ಅವಳೊಬ್ಬಳೇ ಅಲ್ಲ ಅಂತ ಗೊತ್ತಾಯಿತು.

ಆಟದ ಬಯಲಿನಲ್ಲಿ ಉಪಾಯ ಹುಡುಕಿದ್ದು ಮಕ್ಕಳೇ. ಸೀಟಿ ಊದುವಾಗ ಕೆಂಪು ಬಟ್ಟೆಯನ್ನೂ ಬೀಸುತ್ತಿದ್ದರು. ಬಡಾವಣೆಯ ಸಂಜೆ ಆಟಕ್ಕೂ ಅದನ್ನೇ ಒಯ್ದರಂತೆ. ಅಲ್ಲಿಯವರೆಗೆ ಅವಳನ್ನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಮಾಡಿಟ್ಟಿದ್ದರು.

ಎಲ್ಲವೂ ಗೆದ್ದಿತು ಅಂತಲ್ಲ. ಮರುವರ್ಷ ಗಾಲಿಕುರ್ಚಿಯ ಹುಡುಗ ಬಂದ. ಬಾಗಿಲಿನ ಮೆಟ್ಟಿಲುಗಳ ಎತ್ತರ 45 ಸೆಂಟಿಮೀಟರ್. ಎತ್ತರ ಒಂದಕ್ಕೆ ಉದ್ದ ಹನ್ನೆರಡರ ಲೆಕ್ಕದಲ್ಲಿ ಇಳಿಜಾರು ಸುಮಾರು ಐದೂವರೆ ಮೀಟರ್ ಉದ್ದ ಬೇಕು. ಕಟ್ಟಿಸಿದ್ದು ಎರಡು ಮೀಟರ್. ಇಬ್ಬರು ಹಿಂದಿನಿಂದ ತಳ್ಳದೆ ಅವನು ಒಳಗೆ ಬರಲಾರ. ಗಣಿತದ ಮೇಷ್ಟ್ರಾಗಿ ಪಾಯ ತೋಡುವಾಗ ನಾನು ಅಳೆದು ನೋಡಬೇಕಿತ್ತು.

ಬೋರ್ಡಿನ ಚಟ ಪೂರ್ತಿ ಬಿಟ್ಟಿಲ್ಲ. ನಾನು ತಿರುಗಿ ಮಾತಾಡಿದರೆ ಅವಳು ಬೆಂಚಿಗೆ ಎರಡು ಸಲ ಬಡಿಯುತ್ತಿದ್ದಳು. ಈಗ ಅವಳು ಎಂಟನೇ ಕ್ಲಾಸಿನಲ್ಲಿದ್ದಾಳೆ. ಮೊನ್ನೆ ಈ ವರ್ಷದ ಆರನೇ ಕ್ಲಾಸಿನಲ್ಲಿ ಭಿನ್ನರಾಶಿ ಬರೆಯುತ್ತಿದ್ದೆ. ಹಿಂದಿನಿಂದ ಟಕ್ ಟಕ್ ಕೇಳಿಸಿತು. ತಿರುಗಿ ನೋಡಿದೆ. ಕಿವಿ ಚೆನ್ನಾಗಿಯೇ ಕೇಳಿಸುವ ಹುಡುಗ. “ಏನು ಹೇಳಿದ್ರೋ ಗೊತ್ತಾಗಲಿಲ್ಲ ಸಾರ್,” ಅಂದ.